ಬೆಂಕಿ ಬೆಟ್ಟಕ್ಕೆ ಹೊರಟ ಆರು ಜನರ ತೂಕ

ನನ್ನ ಮಾವನವರ ನಿಘಂಟಿನಲ್ಲಿ ಒಂದೇ ಒಂದು ಕೆಟ್ಟ ಮಾತಿದೆ: ಅಂದಾಜು. ಬೇರೆ ಯಾವ ಬೈಗುಳ ಬಿದ್ದರೂ ಅವರು ತಲೆ ಎತ್ತುವುದಿಲ್ಲ. "ಅಂದಾಜು ಎರಡು ಕಿಲೋ ಇರಬಹುದು" ಎಂದು ಹೇಳಿ ನೋಡಿ, ಕನ್ನಡಕ ತೆಗೆದು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ನಲವತ್ತೊಂದು ವರ್ಷ ತಕ್ಕಡಿ ರಿಪೇರಿ ಮಾಡಿದ ಮನುಷ್ಯ. ಊರಿನವರು ಅವರನ್ನು ಕರೆಯುವುದೇ ತಕ್ಕಡಿ ಡಾಕ್ಟ್ರು ಎಂದು.

ಚಪ್ಪಲಿ ಅಂಗಡಿ, ಔಷಧಿ ಅಂಗಡಿಗಳ ನಡುವೆ ಸಿಕ್ಕಿಕೊಂಡ ಅವರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು. ಗಾಜಿನ ಪೆಟ್ಟಿಗೆಯೊಳಗೆ ತೂಕದ ಹಿತ್ತಾಳೆ ಬಟ್ಟುಗಳು ಮಖಮಲ್ಲಿನ ಗುಳಿಗಳಲ್ಲಿ ಎತ್ತರದ ಪ್ರಕಾರ ಕೂತಿರುತ್ತಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಚಿಮಟದಲ್ಲೇ ಎತ್ತಬೇಕು. ಬೆರಳಿನ ಬೆವರಿಗೂ ತೂಕವಿದೆಯಂತೆ. ತೂಗುವ ಮೊದಲು ಫ್ಯಾನು ನಿಲ್ಲಿಸುತ್ತಿದ್ದರು, ಗಿರಾಕಿಗೆ ಉಸಿರು ಬಿಗಿಹಿಡಿಯಲು ಹೇಳುತ್ತಿದ್ದರು. ಮುಳ್ಳನ್ನು ಕೂದಲೆಳೆಯಷ್ಟು ಬಗ್ಗಿಸಿಕೊಡಿ ಎಂದು ಪಿಸುಗುಟ್ಟಿದ ವ್ಯಾಪಾರಿಗಳು ಅಂಗಡಿಯ ಮೂರು ಮೆಟ್ಟಿಲನ್ನು ಇಳಿದ ವೇಗವನ್ನು ಔಷಧಿ ಅಂಗಡಿಯವನು ಇವತ್ತಿಗೂ ನಟಿಸಿ ತೋರಿಸುತ್ತಾನೆ.

ಅಂಗಡಿಯ ಗೋಡೆಯ ಮೇಲೆ ಒಂದೇ ಒಂದು ಚಿತ್ರವಿತ್ತು. ಯಾರೋ ಸ್ಪ್ರಿಂಗನ್ನು ಸುತ್ತಿ ಕಳಿಸಿದ್ದ ಹಳೇ ಪತ್ರಿಕೆಯ ತುಂಡು. ಕಪ್ಪು ಬೆಟ್ಟವೊಂದು ಬೆಂಕಿ ಉಗುಳುತ್ತಿದೆ. ಎಂಟು ಟನ್ನಿನ ಬಂಡೆಯನ್ನು ಅದು ಒಂದು ಕಿಲೋಮೀಟರ್ ದೂರಕ್ಕೆ ಎಸೆಯಿತು ಎಂದು ಕೆಳಗೆ ಬರೆದಿದೆ. "ಯಾರು ತೂಗಿದ್ರಂತೆ?" ಎಂದು ಮಾವ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಎಲ್ಲರೂ ನಕ್ಕರು. ಅವರು ತಮಾಷೆ ಮಾಡುತ್ತಿರಲಿಲ್ಲ. ಗ್ರಾಮು, ಮಿಲಿಗ್ರಾಮು ಎಂದು ಬದುಕಿಡೀ ಬಗ್ಗಿ ನೋಡಿದವರಿಗೆ, ಎಂಟು ಟನ್ನನ್ನು ಗೋಲಿಯ ಹಾಗೆ ಎಸೆಯುವಂಥದ್ದು ಈ ಭೂಮಿಯ ಮೇಲಿದೆ ಎನ್ನುವುದೇ ತಲೆಯೊಳಗೆ ಹಿಡಿಸುತ್ತಿರಲಿಲ್ಲ. ಅಂಗಡಿ ಮುಚ್ಚಿದ ದಿನ, ಒಂದು ತಕ್ಕಡಿ ಬಿಟ್ಟರೆ, ಮನೆಗೆ ತಂದಿದ್ದು ಅದೊಂದನ್ನೇ.

ಆ ತುಂಡನ್ನು ಊಟದ ಮೇಜಿನ ಮೇಲೆ ನೋಡಿದಾಗ ನಾನು ಅಂದೆ, "ಮಾವ, ಹೋಗೇ ಬಿಡೋಣ."

ನಾನು ಆಸ್ಪತ್ರೆಯಲ್ಲಿ ನೂರಿಪ್ಪತ್ತು ನರ್ಸುಗಳ ಡ್ಯೂಟಿ ಪಟ್ಟಿ ಬರೆಯುವವಳು. ಅತ್ತೆ, ಮಾವ, ನನ್ನವರು, ನಾನು, ಇಬ್ಬರು ಮಕ್ಕಳು, ಹೀಗೆ ಮನೆಯ ಆರು ಜನರನ್ನು ಪ್ರವಾಸ ಹೊರಡಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಮೊದಲು ನಾಲ್ಕು ದಿನ ಮಳೆಕಾಡು. ಆಮೇಲೆ ಪುಟ್ಟ ವಿಮಾನದಲ್ಲಿ ಸಮುದ್ರ ದಾಟಿ, ಬೆಂಕಿ ಬೆಟ್ಟವಿರುವ ದ್ವೀಪದಲ್ಲಿ ಎರಡು ದಿನ. ಆ ವಿಮಾನ ವಾರಕ್ಕೆರಡೇ ಸಲ ಹೋಗುವುದು. ಅದರ ಅರ್ಜಿಯಲ್ಲಿ ಪ್ರತಿಯೊಬ್ಬರ ತೂಕ ಕೇಳಿದ್ದರು, ಬಟ್ಟೆ, ಚಪ್ಪಲಿ, ಕೈಚೀಲ ಸೇರಿಸಿ. ನಮ್ಮ ಆರು ಜನಕ್ಕೆ ಮುನ್ನೂರ ಎಂಬತ್ತು ಕಿಲೋ ಮೀರುವಂತಿಲ್ಲ. ನಾನು ಎಲ್ಲರನ್ನೂ ಕೇಳಿ ಬರೆದೆ. ಮುನ್ನೂರ ಅರವತ್ತಾರು ಆಯಿತು.

ಮಾವ ಕಾಗದ ತೆಗೆದುಕೊಂಡರು. ಕನ್ನಡಕ ತೆಗೆದರು.

"ಇದು ತೂಗಿದ್ದಾ, ಕೇಳಿದ್ದಾ?"

"ಕೇಳಿದ್ದು ಮಾವ. ತಮ್ಮ ತೂಕ ಯಾರಿಗೆ ಗೊತ್ತಿರಲ್ಲ?"

"ಯಾರಿಗೂ ಗೊತ್ತಿರಲ್ಲಮ್ಮ."

ಭಾನುವಾರ ಹಜಾರದ ನಡುವೆ, ಮನುಷ್ಯರು ಹತ್ತಿ ನಿಲ್ಲುವ ಹಲಗೆ ತಕ್ಕಡಿ ಬಂದು ಕೂತಿತು. ಫ್ಯಾನು ನಿಂತಿತು. ಅತ್ತೆ ಅಡುಗೆಮನೆ ಬಾಗಿಲು ಹಿಡಿದು ನಿಂತರು. "ಮದುವೆಯಾದಾಗಿಂದ ಊರಿನ ಬೇಳೆಕಾಳೆಲ್ಲ ತೂಗಿದ್ರಿ, ನನ್ನೊಬ್ಬಳನ್ನ ಬಿಟ್ಟಿದ್ರಿ. ಹಾಗೇ ಬಿಡಿ!" ಬಿಡಲಿಲ್ಲ. ಐವತ್ತೈದು ಎಂದು ಬರೆಸಿದ್ದ ಅತ್ತೆ ಅರವತ್ತೈದಿದ್ದರು. ನನ್ನವರು ಎಪ್ಪತ್ತೆರಡರಿಂದ ಎಂಬತ್ತೊಂದಕ್ಕೆ ಹಾರಿದರು. ನನ್ನದನ್ನು ಇಲ್ಲಿ ಬರೆಯುವುದಿಲ್ಲ. ಒಟ್ಟು ಮುನ್ನೂರ ತೊಂಬತ್ತೊಂಬತ್ತು.

ಮೂರು ತಿಂಗಳು ಮನೆಯಲ್ಲಿ ಅದೇ ರಾಮಾಯಣ. ಬೆಳಗ್ಗೆ ನಡಿಗೆ, ಸಂಜೆ ನಡಿಗೆ, ಮಧ್ಯದಲ್ಲಿ ಒಬ್ಬರ ತಟ್ಟೆಯ ಮೇಲೆ ಇನ್ನೊಬ್ಬರ ಕಣ್ಣು. ಪ್ರತಿ ಭಾನುವಾರ ಮಾವ ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಆರು ಅಂಕಿ ಬರೆಯುತ್ತಿದ್ದರು. ದೊಡ್ಡವರು ಹಲ್ಲು ಕಚ್ಚಿ ಇಳಿಸಿದ್ದರಲ್ಲಿ ಕಾಲುಭಾಗವನ್ನು ಮಕ್ಕಳು ಏರಿಸಿಬಿಡುತ್ತಿದ್ದರು. ನಾನು ರೇಗುತ್ತಿದ್ದೆ. ಮಾವ ಮಾತ್ರ ಹದಿಮೂರರ ಮೊಮ್ಮಗಳ ಅಂಕಿಯ ಮುಂದೆ ನಿಂತೇ ಇರುತ್ತಿದ್ದರು.

"ನೋಡಮ್ಮ, ಮೂರು ತಿಂಗಳಲ್ಲಿ ಎರಡೂವರೆ ಕಿಲೋ. ಒಂದು ಸದ್ದಿಲ್ಲ, ಗದ್ದಲ ಇಲ್ಲ. ಪಕ್ಕದಲ್ಲೇ ಮಲಗಿರ್ತೀವಿ, ಗೊತ್ತೇ ಆಗಲ್ಲ. ಎಲ್ಲಿಂದ ಬಂತು ಇದು?"

ಅನ್ನದಿಂದ ಬಂತು ಎಂದೆ. ಅವರು ನನ್ನ ಮೇಲೆ ಕನಿಕರಪಟ್ಟ ಹಾಗೆ ನಕ್ಕರು.

ಹೊರಡುವ ಹಿಂದಿನ ಭಾನುವಾರ ಒಟ್ಟು ಮುನ್ನೂರ ಎಪ್ಪತ್ತೊಂಬತ್ತು ಕಿಲೋ ಆರುನೂರು ಗ್ರಾಂ. ಅತ್ತೆ ಬಾಗಿಲಿಗೇ ಕೈಮುಗಿದರು. ಹೆಚ್ಚಿನ ಗಂಟುಮೂಟೆಯನ್ನೆಲ್ಲ ದಾರಿಯಲ್ಲೇ ಬಿಟ್ಟು, ವಿಮಾನಕ್ಕೆ ತಲೆಗೊಂದು ಪುಟ್ಟ ಚೀಲ ಎಂದು ತೀರ್ಮಾನವಾಯಿತು.

ಕಾಡಿನ ಬಗ್ಗೆ ಏನು ಹೇಳಲಿ? ಪಟ್ಟಿಯಲ್ಲಿ ನಾನು 'ಮಳೆಕಾಡು, ನಾಲ್ಕು ದಿನ' ಎಂದು ಒಂದು ಸಾಲು ಬರೆದಿದ್ದೆ. ಮೇಲೆ ಮಳೆ ನಿಂತು ಎಷ್ಟೋ ಹೊತ್ತಾದ ಮೇಲೂ ನಮ್ಮ ತಲೆಯ ಮೇಲೆ ಸುರಿಯುತ್ತಲೇ ಇತ್ತು. ಎಲೆಯಿಂದ ಎಲೆಗೆ ಇಳಿದು ನೆಲ ಮುಟ್ಟಲು ನೀರಿಗೆ ಅಷ್ಟು ಸಮಯ ಬೇಕಾಗುತ್ತಿತ್ತು. ಒಂದು ಮರದ ಬೇರುಗಳು ಗೋಡೆಗಳ ಹಾಗೆ ಎದ್ದಿದ್ದವು, ನನ್ನವರು ಅದರ ಹಿಂದೆ ನಿಂತರೆ ಕಾಣುತ್ತಿರಲಿಲ್ಲ. ಯಾವಾಗಲೂ ಜಗಳವಾಡುವ ನನ್ನ ಮಕ್ಕಳು ಅಲ್ಲಿ ಪರಸ್ಪರ ಕೈ ಹಿಡಿದುಕೊಂಡು ನಡೆದರು. ದಾರಿ ತೋರಿಸುವವನು, ಈ ಮರ ಸುಮಾರು ನೂರು ಟನ್ ಇರಬಹುದು ಎಂದ. ಬಂತು ಈಗ 'ಯಾರು ತೂಗಿದ್ರಂತೆ', ಎಂದು ನಾನು ಮಾವನ ಕಡೆ ನೋಡಿದೆ. ಅವರು ಅಂಗೈಯನ್ನು ಬೇರಿನ ಮೇಲಿಟ್ಟುಕೊಂಡು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಿದ್ದರು.

"ಇದನ್ನ ಯಾರೂ ತೂಗಬಾರದು ಬಿಡಮ್ಮ" ಎಂದರು. ಅವರ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಐದನೆಯ ದಿನ ವಿಮಾನ ನಿಲ್ದಾಣ. ನಿಲ್ದಾಣ ಎಂದರೆ ಒಂದು ತಗಡಿನ ಚಪ್ಪರ, ಒಂದು ಓಡುದಾರಿ. ಓಡುದಾರಿ ಮುಗಿಯುವಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು, ಅದರಾಚೆ ಸಮುದ್ರ. ಸಮುದ್ರದಾಚೆ ಅದು ಕಾಣುತ್ತಿತ್ತು: ಕಪ್ಪು ಶಿಖರ, ಅದರ ತಲೆಯಿಂದ ನೆಟ್ಟಗೆ ಏಳುತ್ತಿದ್ದ ಬೂದು ಹೊಗೆ. ನೋಡುತ್ತಿದ್ದಂತೆ ಹೊಗೆ ಒಮ್ಮೆ ಉಬ್ಬಿತು, ತೆಳುವಾಯಿತು, ಮತ್ತೆ ಉಬ್ಬಿತು. ಇಷ್ಟು ದೂರಕ್ಕೂ ಪಾದದಡಿಯಲ್ಲಿ ಏನೋ ಗುಡುಗಿದಂತಾಯಿತು. ಮಾವ ನನ್ನ ತೋಳು ಹಿಡಿದುಕೊಂಡರು. "ಉಸಿರಾಡ್ತಾ ಇದೆ ಕಣಮ್ಮ" ಎಂದರು. ಅವರ ಕಣ್ಣು ತುಂಬಿತ್ತು. ಅರವತ್ತೇಳು ವರ್ಷದ ಅವರು ಆ ಗಳಿಗೆ ನನ್ನ ಮಗನಿಗಿಂತ ಚಿಕ್ಕವರ ಹಾಗೆ ಕಂಡರು.

ಅಲ್ಲೂ ಒಂದು ಹಳೇ ತಕ್ಕಡಿಯಿತ್ತು. ಪೈಲಟ್ ಒಬ್ಬೊಬ್ಬರನ್ನೇ ಹತ್ತಿಸಿ ಬರೆದುಕೊಂಡ. ನಮ್ಮ ಒಟ್ಟು ಮುನ್ನೂರ ಐವತ್ತಮೂರು! ನನ್ನವರು ಕುಣಿದೇಬಿಟ್ಟರು. "ಕಾಡು ಸುತ್ತಿ ಕರಗಿಬಿಟ್ವಿ ನೋಡು!" ಜಾಗ ಮಿಕ್ಕಿತೆಂದು ಪೈಲಟ್ ಇನ್ನೊಂದು ಮೂಟೆ ಹೇರಿಸಿದ. ನಮ್ಮ ಜೊತೆ ದ್ವೀಪಕ್ಕೆ ಮರಳುವ ಇಬ್ಬರು ಹೆಂಗಸರಿದ್ದರು, ಒಬ್ಬಳ ಮಡಿಲಲ್ಲಿ ಹಸುಗೂಸು. ಉಳಿದಿದ್ದೆಲ್ಲ ಅಲ್ಲಿನ ಆಸ್ಪತ್ರೆಗೆ ಹೋಗುವ ಔಷಧಿ ಪೆಟ್ಟಿಗೆಗಳು.

ಮಾವ ಮಾತ್ರ ಮತ್ತೆ ತಕ್ಕಡಿ ಹತ್ತಿದರು. ಇಳಿದರು. ಮೊಮ್ಮಗನನ್ನು ಕರೆದು ಹತ್ತಿಸಿದರು. ಆಮೇಲೆ ಮೊಮ್ಮಗಳನ್ನು. ತಕ್ಕಡಿಯನ್ನೇ ಪರೀಕ್ಷಿಸುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಮೂರು ತಿಂಗಳು ಗ್ರಾಂ ಲೆಕ್ಕದಲ್ಲಿ ತೂಗಿಸಿಕೊಂಡ ನಾವು ಆರು ಜನರೂ ಅವರಿಗೆ ಪರೀಕ್ಷೆಯ ಬಟ್ಟುಗಳೇ ಆಗಿದ್ದೆವು.

"ಮಾವ, ನಾವು ನಮ್ಮ ಮಿತಿಯಲ್ಲೇ ಇದೀವಿ" ಎಂದೆ ಮೆಲ್ಲಗೆ. "ಸುಮ್ಮನಿದ್ದುಬಿಡಿ. ನಿಮಗ್ಯಾಕೆ ಊರ ಉಸಾಬರಿ?"

"ತಪ್ಪು ತೂಗ್ತಿದೆ ಅಂತ ಗೊತ್ತಾದ್ಮೇಲೆ ಹೇಗಮ್ಮ ಹತ್ತೋದು?"

ಮಗಳು ತನ್ನ ಶಾಲೆಯ ಇಂಗ್ಲಿಷಿನಲ್ಲಿ ಪೈಲಟ್‌ಗೆ ಹೇಳಿದಳು. ಅವನು ಮೊದಲು ಕೈಗಡಿಯಾರ ತೋರಿಸಿ ಸಿಡುಕಿದ. ಅಷ್ಟರಲ್ಲಿ ಮಾವ ನೆಲದ ಮೇಲೆ ಬೋರಲು ಮಲಗಿ ತಕ್ಕಡಿಯ ಹಲಗೆ ಎತ್ತಿದ್ದರು. ಒಳಗೆ ಬೂದಿ. ಆ ಬೆಟ್ಟದಿಂದ ಗಾಳಿಯಲ್ಲಿ ಬಂದ ನುಣುಪಾದ ಬೂದಿ ತಿಂಗಳುಗಟ್ಟಲೆ ಸೇರಿ, ತೇವಕ್ಕೆ ಗಟ್ಟಿಯಾಗಿ, ಹಲಗೆಯನ್ನು ಕೆಳಗಿನಿಂದ ಹೊತ್ತು ನಿಂತಿತ್ತು; ತೂಕ ಕಮ್ಮಿ ತೋರಿಸುತ್ತಿದ್ದುದು ಅದಕ್ಕೇ. ಮಾವ ಅದನ್ನು ನನ್ನ ಹೇರ್‌ಪಿನ್ನಿನಿಂದ ಕೆರೆದು ತೆಗೆದರು. ಎಲ್ಲವನ್ನೂ, ಎಲ್ಲರನ್ನೂ ಮತ್ತೆ ತೂಗಿದರು. ಪೈಲಟ್ ಟೋಪಿ ತೆಗೆದು ಮೂಟೆಯ ಮೇಲೆ ಕುಸಿದು ಕೂತ.

ಕೊನೆಯ ಮೂಟೆ ಇಳಿಯಿತು. ಆದರೂ ಅರವತ್ತು ಕಿಲೋ ಹೆಚ್ಚು. ನಮ್ಮ ಆರೂ ಚೀಲ ಇಳಿಸಿದರೂ ಸಾಲದು. ಔಷಧಿ ಬಿಡುವಂತಿಲ್ಲ, ಬಾಣಂತಿಯನ್ನೂ ಅವಳ ಜೊತೆಯವಳನ್ನೂ ಇಳಿಸುವಂತಿಲ್ಲ. ನಮ್ಮಲ್ಲೊಬ್ಬರು ಉಳಿಯಬೇಕು. ಮುಂದಿನ ವಿಮಾನ ಮೂರು ದಿನ ಬಿಟ್ಟು. ನಾವು ವಾಪಸು ಬರುವುದೂ ಅದರಲ್ಲೇ, ಅಷ್ಟರಲ್ಲಿ ನಮ್ಮ ಪ್ರವಾಸವೇ ಮುಗಿದಿರುತ್ತದೆ.

"ನಾನು ಉಳೀತೀನಪ್ಪ" ಎಂದರು ನನ್ನವರು.

"ತಕ್ಕಡಿಯ ಸ್ಪ್ರಿಂಗೂ ತುಕ್ಕು ಹಿಡಿದಿದೆ. ನೀನು ಸರಿ ಮಾಡ್ತೀಯಾ?" ಎಂದು ಕೇಳಿದರು ಮಾವ. ಅತ್ತೆಯ ಕಡೆ ತಿರುಗಿ, "ನೀನು ಹೋಗು. ನನ್ನ ಪಾಲಿಂದೂ ನೋಡ್ಕೊಂಡು ಬಾ" ಎಂದರು. ಅತ್ತೆ ಸೆರಗಿನಿಂದ ಅವರ ಮುಖಕ್ಕಂಟಿದ್ದ ಬೂದಿ ಒರೆಸಿದರು.

ನಾನು ಆಡಬಾರದ್ದನ್ನು ಆಡಿದೆ. ನಾಲಿಗೆಗೆ ಎಲುಬಿಲ್ಲ. "ಇರಲಾರದೆ ಇರುವೆ ಬಿಟ್ಕೊಂಡ್ರಿ! ಇಪ್ಪತ್ತು ವರ್ಷ ಗೋಡೆ ಮೇಲೆ ಅಂಟಿಸ್ಕೊಂಡಿದ್ರಲ್ಲ, ಯಾತಕ್ಕೆ? ನಾನು ಇಷ್ಟೆಲ್ಲ ಓಡಾಡಿದ್ದು ಯಾರಿಗೋಸ್ಕರ?" ನಾನು ಮುಖ ತಿರುಗಿಸಿಕೊಂಡು ವಿಮಾನ ಹತ್ತಿದೆ.

ಅವತ್ತು ವಿಮಾನವನ್ನು ಎತ್ತಿಕೊಡುವ ಎದುರುಗಾಳಿ ಬಿದ್ದುಹೋಗಿತ್ತು. ಗಾಳಿಯ ದಿಕ್ಕು ತೋರಿಸುವ ಕಂಬದ ತುದಿಯ ಬಟ್ಟೆ ಜೋತು ನೇತಾಡುತ್ತಿತ್ತು. ವಿಮಾನ ಓಡಿತು, ಓಡಿತು, ಏಳಲಿಲ್ಲ. ಪೈಲಟ್ ಹಲ್ಲು ಬಿಗಿಹಿಡಿದು ಮುಂದೆ ಬಾಗಿದ. ಸುಣ್ಣದ ಕಲ್ಲುಗಳು ನುಗ್ಗಿ ಬಂದವು. ಪಕ್ಕದ ಹೆಂಗಸು ಕೂಸನ್ನು ಎದೆಗೆ ಒತ್ತಿಕೊಂಡಳು. ಕಲ್ಲುಗಳು ನಮ್ಮ ಅಡಿಗೆ ಬರುವ ಹೊತ್ತಿಗೆ ಚಕ್ರ ನೆಲ ಬಿಟ್ಟಿತು. ಅಲೆಯ ನೊರೆ ಒಂದೊಂದು ಗುಳ್ಳೆ ಕಾಣುವಷ್ಟು ಹತ್ತಿರ ಹಾದುಹೋಯಿತು.

ಪೈಲಟ್ ತಿರುಗಿ ನೋಡಲಿಲ್ಲ. ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಚೂರೇ ಚೂರು ಸಂದು ಬಿಟ್ಟು ನಮಗೆಲ್ಲ ತೋರಿಸಿದ. ನನ್ನಿಬ್ಬರು ಮಕ್ಕಳು ಮುಂದಿನ ಸೀಟಿನಲ್ಲಿದ್ದರು. ನಾನು ಇಬ್ಬರ ತಲೆಯನ್ನೂ ಮುಟ್ಟಿ ನೋಡಿದೆ.

ವಿಮಾನ ಮೇಲೇರಿ ಎಡಕ್ಕೆ ತಿರುಗಿತು. ಬಲಗಡೆಯ ಕಿಟಕಿಗಳ ತುಂಬ ಬೆಟ್ಟ ಎದ್ದು ನಿಂತಿತು. ಎಲ್ಲರೂ ಆ ಕಡೆಗೆ ಬಾಗಿದರು. ಅತ್ತೆ "ಅಯ್ಯೋ ದೇವರೇ" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಾನು ಎಡಗಡೆಯ ಗಾಜಿಗೆ ಹಣೆ ಒತ್ತಿದೆ. ಕೆಳಗೆ ತಗಡಿನ ಚಪ್ಪರದ ಪಕ್ಕ ಬಿಳಿ ಅಂಗಿಯೊಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತ ನಿಂತಿತ್ತು. ಹೋಗಿ ಬರ್ತೀನಿ ಮಾವ ಎಂಬ ಒಂದು ಮಾತನ್ನೂ ನಾನು ಹೇಳಿರಲಿಲ್ಲ. ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ಕೈ ಬೀಸಿದೆ.

"ಅಮ್ಮಾ, ಈ ಕಡೆ ನೋಡು! ಬೆಂಕಿ ಕಾಣ್ತಿದೆ!" ಎಂದು ಮಗಳು ನನ್ನ ತೋಳು ಎಳೆದಳು.

"ಇರು ಪುಟ್ಟಾ" ಎಂದೆ. "ಅವರಿನ್ನೂ ಕಾಣ್ತಿದಾರೆ."