ಕಾಮೆಂಟಿನವರ ಅತ್ತೆ

ಬೆಳಗೋಡಿನಲ್ಲಿ ಬಸ್ಸಿಳಿದು ಎದುರಿಗೆ ನೋಡಿದರೆ ಗೊಬ್ಬರದಂಗಡಿ, ಅದರ ಪಕ್ಕದಲ್ಲಿ ಬಿಂದುಶ್ರೀಯ ಜೆರಾಕ್ಸ್ ಅಂಗಡಿ. ಪಹಣಿ ಜೆರಾಕ್ಸು, ಅರ್ಜಿ ಟೈಪಿಂಗು, ಮದುವೆ ಕಾರ್ಡಿನ ಡಿಟಿಪಿ, ಎಲ್ಲ ಅವಳೊಬ್ಬಳದೇ ಕೆಲಸ. ಎರಡು ಸಾವಿರದ ಏಳರಲ್ಲಿ ಅಂಗಡಿಗೆ ಇಂಟರ್‌ನೆಟ್ಟೂ ಬಂತು. ಬಂತು ಅಂದರೆ, ಕರೆಂಟಿದ್ದಾಗ ಬಂತು. ಮಧ್ಯಾಹ್ನದ ಬಸ್ಸು ಹೊರಟುಹೋದರೆ ಬೀದಿಯಲ್ಲಿ ನಾಯಿ ಬಿಟ್ಟು ಇನ್ನೊಂದು ಜೀವ ಕಾಣುತ್ತಿರಲಿಲ್ಲ. ಆ ಹೊತ್ತು ಕಳೆಯಲೆಂದು ಅವಳೊಂದು ಬ್ಲಾಗು ತೆರೆದಳು. ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು ಹರಟೆ ಹೊಡೆದ ಹಾಗೆ ಬರೆಯಬೇಕೆಂಬ ಆಸೆ ಅವಳದು. ಅದಕ್ಕೇ ‘ಕಣದ ಕಟ್ಟೆ’ ಅಂತ ಹೆಸರಿಟ್ಟಳು.

ಮೊದಮೊದಲು ಬರೆದದ್ದೆಲ್ಲ ಕಾಫಿ ಹೂವಿನ ಘಮ, ಬೆಳಗಿನ ಮಂಜು, ಇಂಥವೇ. ಯಾರು ಓದಬೇಕು ಅದನ್ನು? ಮಂಜಿನ ಬಗ್ಗೆ ಬರೆಯದ ಬ್ಲಾಗೇ ಆಗ ಇರಲಿಲ್ಲ. ತಿಂಗಳುಗಟ್ಟಲೆ ಒಂದು ಕಾಮೆಂಟೂ ಬೀಳಲಿಲ್ಲ. “ಯಾರೂ ಇಲ್ದಿರೋ ಮನೇಲಿ ಒಬ್ಳೇ ಮಾತಾಡ್ದಂಗೆ ಐತೆ ಕಣೆ ನಿಂದು,” ಅಂತ ಗಂಡ ಮೋಹನ್ ರೇಗಿಸಿದ.

ಆ ವರ್ಷ ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ಸಂಜೆ ಆನೆ ಅವರ ಗದ್ದೆಯ ಬದುವಿಗೇ ಬಂದು ನಿಂತಿತು. ಗಂಡಸರು ಪಟಾಕಿ ಹುಡುಕುತ್ತ ಒಳಗೆ ಓಡಿದರೆ, ಬಿಂದುಶ್ರೀಯ ಅತ್ತೆ ದೇವೀರಮ್ಮ ಅಂಗಳದ ತುದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತರು. “ಏನಪ್ಪಾ, ನೆನ್ನೆ ಶಾಂತಮಲ್ಲಪ್ಪನ ಗದ್ದೇಲಿ ಉಂಡಿದ್ದು ಸಾಲ್ದೇನು ನಿಂಗೆ? ನಾವೂ ಮಕ್ಳು ಮರಿ ಸಾಕ್ಬೇಕು. ಹೋಗಪ್ಪ ಅತ್ಲಾಗೆ,” ಅಂತ ಪಕ್ಕದ ಮನೆಯ ಹುಡುಗನನ್ನು ಗದರಿಸಿದಷ್ಟೇ ಸಲೀಸಾಗಿ ಗದರಿಸಿದರು. ಆನೆ ತನ್ನ ಪಾಡಿಗೆ ತಿಂದೇ ಹೋಯಿತು, ಆ ಮಾತು ಬೇರೆ. ಬಿಂದುಶ್ರೀ ಅದನ್ನು ಇದ್ದದ್ದು ಇದ್ದ ಹಾಗೇ ಬರೆದಳು. ಮಾರನೆಯ ದಿನ ನೋಡಿದರೆ ಕಾಮೆಂಟುಗಳು ಸಾಲುಗಟ್ಟಿದ್ದವು. ‘ನಿಮ್ಮತ್ತೆ ಸೂಪರ್! ಆನೇನೇ ಬಿಡದವರು ಸೊಸೇನ ಬಿಡ್ತಾರಾ? ಪಾಪ ನೀವು!’

ಆ ‘ಪಾಪ ನೀವು’ ಅನ್ನುವುದರಲ್ಲಿ ಏನೋ ಒಂದು ಸುಖವಿತ್ತು. ಮದುವೆಯಾದಾಗಿನಿಂದ ಯಾರೂ ಅವಳಿಗೆ ಪಾಪ ಅಂದಿರಲಿಲ್ಲ. ಅನ್ನುವಂಥದ್ದೇನೂ ನಡೆದಿರಲಿಲ್ಲ ಅನ್ನುವುದು ನಿಜವಾದ ಸಂಗತಿ. ಅವಳು ಉತ್ತರ ಬರೆದಳು: ‘ಏನು ಮಾಡೋದು ಹೇಳಿ, ಸಹಿಸಿಕೊಂಡು ಹೋಗ್ತಾ ಇದ್ದೀನಿ.’ ತಮಾಷೆಗೆ ಬರೆದದ್ದು. ಓದಿದವರು ತಮಾಷೆ ಅಂದುಕೊಳ್ಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಮಂಜು ಹೋಯಿತು, ಕಾಫಿ ಹೂವು ಹೋಯಿತು, ವಾರಕ್ಕೊಂದು ಅತ್ತೆಯ ಕಥೆ. ರೊಟ್ಟಿ ಸೀದದ್ದಕ್ಕೆ ಅತ್ತೆ ಊರು ಕೇಳುವ ಹಾಗೆ ಬೈದರಂತೆ. ಬೀದಿಯಲ್ಲಿ ಹಲ್ಲು ಕಿಸಿಯುತ್ತ ನಿಂತಿದ್ದೆಯಾ ಅಂತ ಬಾಗಿಲಲ್ಲೇ ತಡೆದರಂತೆ. ಸಕ್ಕರೆ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರಂತೆ. ಆ ಮನೆಯಲ್ಲಿ ಬೀಗ ಅಂತ ಇದ್ದದ್ದು ಕಾಫಿ ಸ್ಟೋರಿಗೆ ಒಂದೇ. ಅಡುಗೆಮನೆಗೆ ಬಾಗಿಲೇ ನೆಟ್ಟಗಿರಲಿಲ್ಲ. ಆದರೆ ಕಾಮೆಂಟು ಹಾಕುವವರು ಅದನ್ನು ಎಲ್ಲಿ ಬಂದು ನೋಡುತ್ತಾರೆ?

ಪೋಸ್ಟಿಗಿಂತ ಉತ್ತರಗಳಲ್ಲೇ ಅವಳು ಹೆಚ್ಚು ಹಾಳಾದದ್ದು. ಪೋಸ್ಟು ಬರೆಯುವಾಗಲಾದರೂ ಕಥೆ ಕಟ್ಟುತ್ತಿದ್ದೇನೆ ಎಂಬ ಅರಿವಿತ್ತು. ‘ನಿಜವಾಗಿಯೂ ಹಾಗಂದರಾ?’ ಅಂತ ಯಾರಾದರೂ ಕೇಳಿದರೆ, ‘ಇದು ಏನೂ ಅಲ್ಲ, ಬರೆಯೋಕೆ ಆಗದ್ದು ಇನ್ನೂ ಇದೆ,’ ಅಂತ ಬೆರಳು ತಾನಾಗಿ ಓಡುತ್ತಿತ್ತು. ತಿಪಟೂರಿನ ಪೂಜಿತಾ ಅನ್ನುವ ಹೊಸದಾಗಿ ಮದುವೆಯಾದ ಹುಡುಗಿಯಂತೂ ಪ್ರತಿ ವಾರ ಉದ್ದುದ್ದ ಬರೆಯುತ್ತಿದ್ದಳು. ‘ಅಕ್ಕಾ, ನಿಮ್ಮ ನೋವಿನ ಮುಂದೆ ನಮ್ಮದೇನು?’ ಅನ್ನುತ್ತಿದ್ದಳು. ಬಿಂದುಶ್ರೀ ಅವಳನ್ನು ಸಮಾಧಾನಪಡಿಸುತ್ತಿದ್ದಳು. ಇಲ್ಲದ ನೋವಿಗೆ ಸಮಾಧಾನ ಹೇಳಿಸಿಕೊಂಡು, ತಿರುಗಿ ಸಮಾಧಾನ ಹೇಳುವಷ್ಟು ಮುಂದೆ ಹೋಗಿದ್ದಳು.

ಇನ್ನು ಆ ಜೆರಾಕ್ಸ್ ಅಂಗಡಿ ಹೇಗೆ ಬಂತು ಅಂತ ಹೇಳಬೇಡವೇ? ಅಂಗಡಿಯ ಮಾತೆತ್ತಿದಾಗ ಮೋಹನ್ ಒಪ್ಪಿರಲಿಲ್ಲ. ಮನೆ ಕೆಲಸ, ದನದ ಕೊಟ್ಟಿಗೆ ಯಾರು ನೋಡುತ್ತಾರೆ ಅಂತ ಮುಖ ಗಂಟಿಕ್ಕಿದ್ದ. “ಓದಿರೋ ಹುಡ್ಗೀನ ಸಗಣಿ ಬಾಚಕ್ಕಾ ಕರ್ಕಬಂದಿದ್ದು? ಕೊಟ್ಗೆ ನಾನ್ ನೋಡ್ಕತೀನಿ. ಅವ್ಳು ಹೋಗ್ಲಿ ಬುಡು,” ಅಂದವರು ದೇವೀರಮ್ಮ. ಆವತ್ತಿನಿಂದ ಕೊಟ್ಟಿಗೆಯೂ ಅವರದೇ, ಮಧ್ಯಾಹ್ನದ ಅಡುಗೆಯೂ ಅವರದೇ. ಅವರು ಕಟ್ಟಿಕೊಟ್ಟ ಬುತ್ತಿಯನ್ನು ಪಕ್ಕಕ್ಕಿಟ್ಟುಕೊಂಡೇ ಬಿಂದುಶ್ರೀ ಅವರ ಬಾಯಲ್ಲಿ ಬೈಗುಳ ಇಡುತ್ತಿದ್ದಳು.

ಮರುವರ್ಷ ಫೆಬ್ರವರಿಯ ಒಂದು ಭಾನುವಾರ ಅಂಗಡಿಗೆ ಫೋನು ಬಂತು. “ಅಕ್ಕಾ, ನಾನು ಪೂಜಿತಾ! ಸಕಲೇಶಪುರ ಸ್ಟೇಷನ್ನಲ್ಲಿ ಇಳಿದಿದ್ದೀನಿ. ಯಾವಾಗಲಾದರೂ ಬನ್ನಿ ಅಂದಿದ್ರಲ್ಲ, ಬಂದೇಬಿಟ್ಟೆ!”

ಬಿಂದುಶ್ರೀ ಬನ್ನಿ ಅಂದದ್ದು ಹೌದು. ಕಾಮೆಂಟಿನಲ್ಲಿ ಎಲ್ಲರಿಗೂ ಬನ್ನಿ ಅನ್ನುತ್ತಿದ್ದಳು. ಬೇರೆ ದಾರಿ ಕಾಣದೆ ಮನೆಗೆ ಫೋನು ಮಾಡಿದಳು. “ಅತ್ತೆ, ನನ್ನ ಬ್ಲಾಗು ಓದೋರೊಬ್ರು ಊಟಕ್ಕೆ ಬರ್ತಾ ಅವ್ರೆ.” ದೇವೀರಮ್ಮ, “ಕರ್ಕಬಾ ಮಗ,” ಅಂದರು. ಅಷ್ಟೇ.

ಪೂಜಿತಾ ಬಸ್ಸಿಳಿದವಳೇ ಅವಳನ್ನು ತಬ್ಬಿಕೊಂಡಳು. ಮನೆಯ ಕಡೆ ನಡೆಯುತ್ತ ಬಿಂದುಶ್ರೀ ಮೆಲ್ಲಗೆ ಹೇಳಿದಳು, “ನೋಡಿ, ಅತ್ತೆ ಮುಂದೆ ಬ್ಲಾಗಿನ ಮಾತು ಬೇಡ.” ಹುಡುಗಿ ಅವಳ ಕೈ ಹಿಸುಕಿ, “ನನಗೆ ಅರ್ಥ ಆಗುತ್ತೆ ಅಕ್ಕ,” ಅಂದಳು. ಆ ದನಿಯಲ್ಲಿದ್ದ ಕರುಣೆಗೆ ಬಿಂದುಶ್ರೀಯ ಕಿವಿ ಬಿಸಿಯಾಯಿತು. ಅತ್ತೆ ಎಂದಿನಂತೆ ನಗುತ್ತ ಬಾಗಿಲಿಗೆ ಬರುತ್ತಾರೆ, ಹುಡುಗಿಗೆ ಎಲ್ಲ ಗೊತ್ತಾಗುತ್ತದೆ, ಸಂಜೆಯೊಳಗೆ ಇಡೀ ಬ್ಲಾಗಿನವರೆದುರು ತನ್ನ ಮಾನ ಹರಾಜಾಗುತ್ತದೆ. ಅದೊಂದೇ ಅವಳ ತಲೆಯಲ್ಲಿ. ನಾಚಿಕೆಗೇಡಿನ ಮಾತು, ಆದರೆ ಆ ಗಳಿಗೆಯಲ್ಲಿ ಅವಳಿಗೆ ಅತ್ತೆಯ ಯೋಚನೆ ಬರಲಿಲ್ಲ, ತನ್ನದೇ ಬಂತು.

ದೇವೀರಮ್ಮ ಜಗಲಿಯ ಮೇಲೆ ಕೂತಿದ್ದರು. ನಗಲಿಲ್ಲ.

“ಬಂದ್ಯಾ? ಇಷ್ಟೊತ್ತು ಬೀದೀಲಿ ಹಲ್ಲು ಕಿಸ್ಕಂಡು ನಿಂತಿದ್ದಾ?”

ಬಿಂದುಶ್ರೀ ನಿಂತಲ್ಲೇ ನಿಂತಳು. ಅದು ಅವಳೇ ಬರೆದ ಮಾತು. ಅತ್ತೆ ಎದ್ದು ನಿಂತಾಗ ಸೊಂಟದಲ್ಲಿ ಏನೋ ಹೊಳೆಯಿತು. ಕಾಫಿ ಸ್ಟೋರಿನ ದಪ್ಪ ಕೀಲಿ. ಪೂಜಿತಾ ಅದನ್ನು ನೋಡಿ, ಬಿಂದುಶ್ರೀಯ ಕಡೆ ತಿರುಗಿ, ಇದೇ ಅಲ್ವಾ ಆ ಕೀಲಿ ಅನ್ನುವ ಹಾಗೆ ಹುಬ್ಬು ಹಾರಿಸಿದಳು.

ಆ ಊಟದ ಹೊತ್ತು ಹೇಗೆ ಕಳೆಯಿತೋ ಬಿಂದುಶ್ರೀಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. “ಸಕ್ರೆ ನನ್ ಕೇಳಿ ಹಾಕು, ಕೈಗ್ ಬಂದಂಗೆ ಸುರೀಬ್ಯಾಡ.” “ನಿಮ್ಮಪ್ಪನ ಮನೇಲಿ ಹಿಂಗೇ ಕಲ್ಸಿದ್ದಾ?” ಒಂದೊಂದೂ ಬ್ಲಾಗಿನ ಮಾತು. ಹೇಳಿಕೊಡಲು ಯಾರೂ ಇಲ್ಲದ ನಾಟಕದವರಂತೆ ಅತ್ತೆ ನಡುನಡುವೆ ತಡವರಿಸುತ್ತಿದ್ದರು. ಒಲೆಯ ಪಕ್ಕದಲ್ಲಿ ಕಡುಬು, ಕೋಳಿ ಸಾರು, ಅಕ್ಕಿ ಪಾಯಸ ಆಗಲೇ ಸಿದ್ಧವಾಗಿದ್ದವು, ಎಲ್ಲ ಫೋನು ಬಂದ ಮೇಲೆ ಒಂದು ಗಂಟೆಯಲ್ಲಿ ಅವರೊಬ್ಬರೇ ಮಾಡಿದ್ದು. ಸಾರಿನ ಖಾರ ನೆತ್ತಿಗೇರಿ ಪೂಜಿತಾ ಕೆಮ್ಮಿದಾಗ ಅವರ ಬಾಯಿಂದ “ಅಯ್ಯೋ ನನ್ ಕೂಸೇ” ಅಂತ ಜಾರಿಬಿಟ್ಟಿತು. ಬೆನ್ನು ಸವರಲು ಎತ್ತಿದ ಕೈಯನ್ನು ಅರ್ಧಕ್ಕೇ ಹಿಂತೆಗೆದು, “ಈ ಸೊಸೆ ಅನ್ನುಸ್ಕಂಡೋಳಿಗೆ ಖಾರ ಎಷ್ಟ್ ಹಾಕ್ಬೇಕು ಅಂತ್ಲೂ ಗೊತ್ತಿಲ್ಲ,” ಅಂದರು. ಬಾಯಿ ಬಿಟ್ಟು ನಿಜ ಹೇಳಲು ಬಿಂದುಶ್ರೀಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಬಡಿಸಿದಳು.

ಹೊರಡುವಾಗ ಪೂಜಿತಾ ಧೈರ್ಯ ತಂದುಕೊಂಡು ದೇವೀರಮ್ಮನ ಎದುರು ನಿಂತಳು. “ಅಜ್ಜಿ, ನಿಮ್ಮ ಸೊಸೆ ಚಿನ್ನದಂಥವರು. ಹೀಗೆ ಗೋಳು ಹುಯ್ಕೋಬೇಡಿ. ದೇವರು ಮೆಚ್ಚಲ್ಲ.”

ಊರಿನಲ್ಲಿ ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳದೆ ಅರವತ್ತು ದಾಟಿದ ಹೆಂಗಸು. ಮೊಮ್ಮಗಳ ವಯಸ್ಸಿನವಳ ಮುಂದೆ ಕಣ್ಣು ಕೆಳಗಿಟ್ಟು, “ಆಗ್ಲಿ ಕಣವ್ವ,” ಅಂದರು.

ಬಸ್ಸು ಹತ್ತಿಸಿ ಬಂದು ನೋಡಿದರೆ ಅತ್ತೆ ಸೊಂಟದ ಕೀಲಿ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದರು.

“ಯಾಕತ್ತೆ ಹಂಗೆ ಮಾಡಿದ್ರಿ?”

“ಬಂದೋರ ಮುಂದೆ ನಿನ್ ಮಾತು ಸುಳ್ಳಾಗ್ಬಾರ್ದಲ್ಲ ಮಗ.”

ಪಕ್ಕದ ಮನೆಯ ಮಂಜುಶ್ರೀ ಸಕಲೇಶಪುರದ ಕಾಲೇಜಿಗೆ ಹೋಗುವ ಹುಡುಗಿ. ಅಜ್ಜಿ ನೀವು ಫೇಮಸ್ಸು ಅಂತ ಖುಷಿಯಾಗಿ, ಅಲ್ಲಿ ಬ್ಲಾಗಿನ ಪ್ರಿಂಟು ತೆಗೆಸಿಕೊಂಡು ಬಂದು ದೇವೀರಮ್ಮನಿಗೆ ಓದಿ ಹೇಳುತ್ತಿದ್ದಳಂತೆ. ಕಳೆದ ದೀಪಾವಳಿಯಿಂದಲೇ. ಅಷ್ಟು ದಿನವೂ ಬುತ್ತಿ ಬಂದಿತ್ತು. ಜ್ವರ ಬಂದಾಗ ಗಂಜಿಯೂ ಬಂದಿತ್ತು.

“ನಿಮ್ಗೆ ಸಿಟ್ಟು ಬರ್ಲಿಲ್ವಾ ಅತ್ತೆ?”

“ಮೊದ್ಲು ಬಂತು, ಸುಳ್ಳ್ಯಾಕೆ ಹೇಳ್ಲಿ. ಆಮೇಲೆ ಅನ್ನುಸ್ತು, ಓದಿರೋ ಹುಡ್ಗಿ, ಇಲ್ದೇ ಇದ್ದಿದ್ದು ಬರೀತಾಳಾ? ನಾನೇ ಯಾವಾಗ್ಲೋ ಹಂಗೆ ನಡ್ಕಂಡಿರ್ಬೇಕು, ನಂಗೇ ಮರ್ತೋಗೈತೆ ಅಂತ. ಅದ್ಕೇ ಸಕ್ರೆ ಡಬ್ಬ ನಿನ್ ಕೈಗ್ ಸಿಗಂಗೆ ಒಲೆ ಪಕ್ಕ ಇಟ್ಟೆ.”

ಡಬ್ಬ ಜಾಗ ಬದಲಿಸಿದ್ದನ್ನು ಬಿಂದುಶ್ರೀ ನೋಡಿದ್ದಳು. ಒಲೆ ಪಕ್ಕ ಇಟ್ಟರೆ ಸಕ್ಕರೆ ನೀರೊಡೆಯುತ್ತದೆ ಅಂತ ಮನಸ್ಸಿನಲ್ಲೇ ಗೊಣಗಿಕೊಂಡಿದ್ದಳು. ಈಗ ಅತ್ತೆಯ ಕಾಲು ಹಿಡಿದು ಅತ್ತಳು. “ನೀವು ಯಾವತ್ತೂ ಹಂಗೆ ನಡ್ಕಂಡಿಲ್ಲ ಅತ್ತೆ. ಎಲ್ಲ ನಾನು ಕಟ್ಟಿದ್ದು. ನಾಳೇನೇ ನಿಜ ಬರ್ದು ಹಾಕ್ತೀನಿ.” ದೇವೀರಮ್ಮ ಅವಳ ಮುಖವನ್ನೇ ನೋಡಿದರು. “ನಿಜ್ವಾಗ್ಲೂ ನಾನು ಹಂಗೆ ಮಾಡಿಲ್ವಾ?” ಅಂತ ಕೇಳಿದರು. ಕೇಳಿಸಿಕೊಂಡವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾರನೆಯ ದಿನ ಅವಳು ಬರೆದಳು. ಒಂದನ್ನೂ ಮುಚ್ಚಿಡಲಿಲ್ಲ. ಬೀಗ ಸುಳ್ಳು, ಬೈಗುಳ ಸುಳ್ಳು, ಪೂಜಿತಾ ನೋಡಿದ್ದು ಅತ್ತೆ ನನ್ನ ಮಾನ ಉಳಿಸಲು ಆಡಿದ ನಾಟಕ, ನಾನು ಪಾಪದವಳಲ್ಲ, ಪಾಪಿ ಅಂತ ಬರೆದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಂಜೆಯೊಳಗೆ, ಹಿಂದೆ ಯಾವ ಪೋಸ್ಟಿಗೂ ಬರದಷ್ಟು ಕಾಮೆಂಟುಗಳು ಬಂದವು.

‘ಇಂಥ ಅತ್ತೆಯನ್ನೂ ಬಿಟ್ಟುಕೊಡದ ನಿಮ್ಮ ದೊಡ್ಡ ಮನಸ್ಸಿಗೆ ಶರಣು.’ ‘ಇದಪ್ಪಾ ಸಂಸ್ಕಾರ ಅಂದ್ರೆ.’ ‘ಓದಿ ಕಣ್ಣೀರು ಬಂತು.’ ಕೊನೆಯಲ್ಲಿ ಪೂಜಿತಾ: ‘ಅಕ್ಕಾ, ನಾನು ಕಣ್ಣಾರೆ ನೋಡಿದ್ದೀನಿ. ಕೀಲಿ ನೋಡಿದ್ದೀನಿ. ಇದನ್ನು ಅತ್ತೆ ಪಕ್ಕದಲ್ಲಿ ನಿಂತು ಬರೆಸಿದ್ದಾರೆ ಅಂತ ನನಗೆ ಗೊತ್ತು. ಧೈರ್ಯವಾಗಿರಿ.’

ಬಿಂದುಶ್ರೀ ಒಬ್ಬೊಬ್ಬರಿಗೂ ಉತ್ತರ ಬರೆದಳು. ಇಲ್ಲ, ದಯವಿಟ್ಟು ನಂಬಿ, ಅತ್ತೆ ಒಳ್ಳೆಯವರು, ಕೆಟ್ಟವಳು ನಾನು. ಅವಳು ಬೇಡಿಕೊಂಡಷ್ಟೂ ಅವರು ಅವಳನ್ನು ಹೊಗಳಿದರು. ಇಷ್ಟು ದಿನ ಸುಳ್ಳಿಗೆ ತಲೆದೂಗಿದವರು ನಿಜಕ್ಕೂ ಅಷ್ಟೇ ಪ್ರೀತಿಯಿಂದ ತಲೆದೂಗಿ, ಅದನ್ನೂ ಸುಳ್ಳು ಮಾಡಿಬಿಟ್ಟರು. ಕರೆಂಟು ಹೋಯಿತು. ಅವಳು ಬಾಗಿಲೆಳೆದು ಮನೆಗೆ ನಡೆದಳು.

ದೇವೀರಮ್ಮ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಸೊಸೆಯನ್ನು ಕಂಡವರೇ ಮೊರ ಕೆಳಗಿಟ್ಟರು. ಬೆಳಗಿನಿಂದ ಕಾದಿದ್ದರೆಂದು ಕಾಣುತ್ತದೆ.

“ಬರ್ದ್ಯಾ?”

“ಬರ್ದೆ ಅತ್ತೆ.”

“ಏನಂದ್ರು? ನಂಬುದ್ರಾ?”

ಬಿಂದುಶ್ರೀ ಚಪ್ಪಲಿ ಬಿಡುವ ನೆಪದಲ್ಲಿ ಬಾಗಿದಳು. “ನಂಬುದ್ರು ಅತ್ತೆ.”

“ಸದ್ಯ,” ಅಂತ ದೇವೀರಮ್ಮ ಉಸಿರುಬಿಟ್ಟರು. ಮುಖದಲ್ಲಿ ನಿನ್ನೆಯಿಂದ ಇಲ್ಲದಿದ್ದ ನಗು ಬಂತು. “ಆ ಹುಡ್ಗೀನ ಇನ್ನೊಂದ್ ಸಲ ಕರಿ ಮಗ. ಇನ್ಮೇಲೆ ಯಾರ್ ಬಂದ್ರೂ ನಾನು ನಾನಾಗೇ ಇರ್ಬೋದಲ್ಲ.”