ಅರ್ಜಿಯ ಹಿಂಬದಿಯ ಬಡ್ಡಿ ಲೆಕ್ಕ

ಗೆಳೆಯರೇ, ಇಂದು ಜಯಪುರದ ಅಂಗನವಾಡಿಯಲ್ಲಿ ನಡೆದುದನ್ನು ಬರೆಯದೆ ಸುಮ್ಮನಿರಲಾರೆ!

ನೆರೆಮನೆಯ ಸುಮಿತ್ರಳ ಮಗಳಿಗೆ ಭಾಗ್ಯಲಕ್ಷ್ಮಿ ಯೋಜನೆಯ ಅರ್ಜಿಯನ್ನು ತುಂಬಿಕೊಟ್ಟು ಜಗಲಿಯ ಬೆಂಚಿನ ಮೇಲಿಟ್ಟಿದ್ದೆ. ಸರ್ಕಾರ ಇಡುವ ಠೇವಣಿ ಸಾಕೇ ಸಾಲದೇ ಎಂದು ಅಲ್ಲೇ ಇಬ್ಬರು ಪಂಚಾಯಿತಿ ಸದಸ್ಯರು ಕಾದಾಡುತ್ತಿದ್ದರು. ಪಕ್ಷ ಬೇರೆಯಾದರೂ ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು.

“ಹದಿನೆಂಟು ವರ್ಷಕ್ಕೆ ಬಡ್ಡಿ ಸೇರಿ ಎಷ್ಟಾಗ್ತದೆ ಗೊತ್ತಾ ಮಾರಾಯ?” ಎಂದ ನಾಗೇಶ.

“ಮದುವೆ ಚಪ್ಪರಕ್ಕೂ ಸಾಲೂದಿಲ್ಲ, ಸುಮ್ನಿರು!” ಎಂದ ಶಿವಪ್ಪ.

ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲಿ ಇಬ್ಬರೂ ಸರದಿಯಂತೆ ಲೆಕ್ಕ ಗೀಚತೊಡಗಿದರು.

“ಅಯ್ಯೋ, ಅದು ನಮ್ಮ ಕೂಸಿನ ಅರ್ಜಿ!” ಸುಮಿತ್ರಾ ಚೀರಿದಳು. “ನಾಳೆಗೆ ಕೂಸಿಗೆ ವರ್ಷ ತುಂಬ್ತದೆ. ವರ್ಷದೊಳಗೇ ಅರ್ಜಿ ಕೊಡ್ಬೇಕು, ಇವತ್ತೇ ಕಡೇ ದಿನ!”

“ಇಬ್ಬರೂ ಎದ್ದು ನಿಲ್ಲಿ!” ಎಂದು ಗದರಿದೆ. ನಿಂತೇಬಿಟ್ಟರು!

ಅಂಗನವಾಡಿ ಕಾರ್ಯಕರ್ತೆ ಅರ್ಜಿಯನ್ನು ಮಗುಚಿ ನೋಡಿ, “ಎದುರು ಬದಿ ಚೊಕ್ಕ ಇದೆಯಲ್ಲ ಸಾರ್, ಸಾಕು” ಎಂದು ಸ್ವೀಕೃತಿ ಬರೆದುಕೊಟ್ಟರು. ಸುಮಿತ್ರಾ ಮಗುವನ್ನು ಮುದ್ದಿಸಿ ನಕ್ಕಳು.

ಆಮೇಲೆ ಅವರ ಮೇಜಿನ ಮೇಲಿದ್ದ ಅರ್ಜಿಯ ಹಿಂಬದಿಯನ್ನು ಓದಿದೆ. ಇಬ್ಬರ ಲೆಕ್ಕವೂ ತಪ್ಪು! ಯಾವ ಪಕ್ಷವನ್ನೂ ದೂರುವಂತಿಲ್ಲ. ಇಬ್ಬರಿಗೂ ಬಡ್ಡಿ ಲೆಕ್ಕ ಕಲಿಸಿದವನು ನಾನೇ.