ಫೇಲಾದವರು ಆರಿಸುವ ಪುಸ್ತಕ

ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಮೆಕ್ಯಾನಿಕ್ಸ್ ಪಾಠ ಮಾಡುವ ಮೇಷ್ಟ್ರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಇಳಿಜಾರು’. ಬೋರ್ಡಿನ ಮೇಲೆ ಅವರು ಮೊದಲು ಎಳೆಯುವುದೇ ಒಂದು ಇಳಿಜಾರು, ಅದರ ಮೇಲೊಂದು ಪೆಟ್ಟಿಗೆ. ಮೊದಲ ವರ್ಷದವರಿಗೆ ಪಠ್ಯಪುಸ್ತಕ ಆರಿಸುವ ಕೆಲಸ ಯಾವಾಗಲೂ ಅವರದೇ. ಕಮಿಟಿಯ ಉಳಿದ ಸದಸ್ಯರಾದ ನಾವು ಕಾಫಿ ಕುಡಿದು ತಲೆಯಾಡಿಸುವವರು.

ಅವರು ಆರಿಸುವ ರೀತಿಯೇ ಬೇರೆ. ಮುನ್ನುಡಿ ಓದುವುದಿಲ್ಲ, ಬೆನ್ನುಡಿ ನಂಬುವುದಿಲ್ಲ. ಪ್ರತಿ ಪುಸ್ತಕದಿಂದಲೂ ಉರುಳುವ ಚಕ್ರದ ಅಧ್ಯಾಯವನ್ನು ಜೆರಾಕ್ಸ್ ಮಾಡಿಸಿ, ಬರೆದವರ ಹೆಸರು ತೆಗೆದು, ಹಿಂದಿನ ಪರೀಕ್ಷೆಯಲ್ಲಿ ಫೇಲಾದವರೊಬ್ಬರ ಕೈಗೆ ಕೊಡುತ್ತಾರೆ. ಒಬ್ಬರೇ ಕೂತು ಓದಬೇಕು. ಎಲ್ಲಿ ತಲೆಗೆ ಹತ್ತುವುದಿಲ್ಲವೋ ಅಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ನಿಲ್ಲಿಸಬೇಕು. ಪಾಸಾಗುವವರಿಗೆ ಯಾವ ಪುಸ್ತಕವಾದರೂ ನಡೆಯುತ್ತದೆ ಎನ್ನುವುದು ಅವರ ವಾದ. ಇದೆಂಥ ಹುಚ್ಚಾಟ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ.

ಈ ಸಲ ಆಯ್ಕೆಗೆ ಬಂದವುಗಳಲ್ಲಿ ಒಂದು ಅವರೇ ಬರೆದದ್ದು. ಮದುವೆಯಾದಾಗಿನಿಂದ ಬರೆಯುತ್ತಿದ್ದರು ಅಂದರೂ ತಪ್ಪಿಲ್ಲ. ಚಿತ್ರಗಳನ್ನೆಲ್ಲ ಬರೆದವರು ಅವರ ಹೆಂಡತಿ, ನಕ್ಷೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನಮ್ಮಲ್ಲಿ ಆಯ್ಕೆಯಾದರೆ ಮಾತ್ರ ಅಚ್ಚು ಹಾಕುತ್ತೇನೆ ಎಂದು ಪ್ರಕಾಶಕ ಕಡ್ಡಿ ಮುರಿದಂತೆ ಹೇಳಿದ್ದ.

ನಾವೆಲ್ಲ ಕಣ್ಣು ಮುಚ್ಚಿಕೊಂಡು ಸಹಿ ಹಾಕಲು ಸಿದ್ಧರಿದ್ದೆವು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಮನುಷ್ಯ ಹೆಗ್ಗಣವನ್ನೂ ತಕ್ಕಡಿಗೆ ಹಾಕಿದರು. ಅವರ ಅಧ್ಯಾಯವೂ ಬೇರೆಯವುಗಳ ಜೊತೆ, ಎರಡು ಸಲ ಫೇಲಾಗಿದ್ದ ಒಬ್ಬ ಹುಡುಗಿಯ ಕೈ ಸೇರಿತು.

ಅವಳು ಹಿಂದಿರುಗಿಸಲು ಬಂದಾಗ ನಾನೂ ಅಲ್ಲೇ ಇದ್ದೆ. ಬೇರೊಬ್ಬರ ಅಧ್ಯಾಯವನ್ನು ಕೊನೆಯವರೆಗೂ ಓದಿದ್ದಳು. ಮೇಷ್ಟ್ರದ್ದರಲ್ಲಿ ಎರಡನೇ ಪುಟಕ್ಕೇ ಗೀಟು. ‘ಇದು ಸ್ಪಷ್ಟವಾಗಿಯೇ ಇದೆ’ ಎಂದು ಬರೆದು ಲೆಕ್ಕದ ನಡುವಿನ ಹೆಜ್ಜೆಗಳನ್ನು ಹಾರಿಸಿದ ಜಾಗ ಅದು.

“ಇದನ್ನ ಬರೆದವ್ರಿಗೆ ಎಲ್ಲಾ ಗೊತ್ತು ಸರ್,” ಅಂದಳು. “ಓದೋರಿಗೆ ಗೊತ್ತಿಲ್ಲ ಅನ್ನೋದೊಂದು ಗೊತ್ತಿಲ್ಲ.” ಚಿತ್ರ ಮಾತ್ರ ಅರ್ಥವಾಯಿತು ಎಂದು ಬಾಗಿಲ ಬಳಿ ನಿಂತು ಸೇರಿಸಿದಳು.

ನನಗೆ ಅವಳ ಮೇಲೆ ಸಿಟ್ಟು ಬಂತು. ಆಮೇಲೆ ಗೀಟು ಹಾಕಿದ ಜಾಗ ಓದಿದೆ. ಹಾಳಾದ್ದು, ನನಗೂ ಹೊಳೆಯಲಿಲ್ಲ. ಕಮಿಟಿಯಲ್ಲಿ ಮೇಷ್ಟ್ರು ಅವಳು ಕೊನೆಯವರೆಗೂ ಓದಿದ್ದ ಆ ಇನ್ನೊಂದು ಪುಸ್ತಕದ ಹೆಸರು ಹೇಳಿದರು. ನಾವು ಎಷ್ಟು ಹೇಳಿದರೂ ಜಗ್ಗಲಿಲ್ಲ.

ಸಂಜೆ ಒಬ್ಬರೇ ಮನೆಗೆ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದರು. ಅವರ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಮೇಷ್ಟ್ರು ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಎಲ್ಲ ಹೇಳಿ ಮುಗಿಸಿದರು. ಆಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

“ಚಿತ್ರ ಹೇಗಿದೆ ಅಂದ್ಲು?”

“ಅದೊಂದೇ ಅರ್ಥ ಆಯ್ತಂತೆ ಕಣೇ.”

ಆಕೆಯ ಕಣ್ಣು ತುಂಬಿತ್ತು, ಆದರೂ ದನಿ ಗಟ್ಟಿಯಾಗಿತ್ತು. “ಹಾಗಾದ್ರೆ ನಾನು ಪಾಸು. ನೀವು ಇನ್ನೊಂದ್ಸಲ ಪರೀಕ್ಷೆಗೆ ಕೂತ್ಕೊಳ್ಳಿ.”

ಮೇಷ್ಟ್ರು ಜೋರಾಗಿ ನಕ್ಕರು. ಆಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟರು.